ತಂದವರೇ ತಿಕ್ಕಿದ ಎಣ್ಣೆ

ಹೆರಿಗೆ ಆಸ್ಪತ್ರೆಯಲ್ಲಿ ಕೂಸುಗಳಿಗೆ ಎಣ್ಣೆ ಹಚ್ಚಿ ನೀರೆರೆದು ಎರೆದೇ ಸಣ್ಣೀರಮ್ಮನ ತಲೆ ನರೆತಿತ್ತು. ಆಸ್ಪತ್ರೆಯ ಮಾಲೀಕ ವೀರಭದ್ರಯ್ಯ ಯಾವುದೋ ಕಂಪನಿಯ ಬೇಬಿ ಎಣ್ಣೆ ತಂದ ಮೇಲೆ ಆಕೆಗೆ ಊಟ ಸೇರುತ್ತಿರಲಿಲ್ಲ. ಅದನ್ನು ಹಚ್ಚಿದ ಕೂಸುಗಳ ಮೈ ಸುಟ್ಟಂತೆ ಕೆಂಪಾಗುತ್ತಿತ್ತು. ಒಂದು ಹೆಣ್ಣುಕೂಸಿನ ತೊಡೆಸಂದಿಯಲ್ಲಿ ಚರ್ಮವೇ ಸುಲಿದಿತ್ತು.

"ಅದು ಬರೀ ಬೆವರುಸಾಲೆ. ಎಣ್ಣೆ ಹಚ್ಚು, ಇಲ್ಲವೇ ನಾಳೆಯಿಂದ ಬರಬೇಡ," ಎಂದ ವೀರಭದ್ರಯ್ಯ, ಬಾಣಂತಿಯರ ಎದುರಿಗೇ.

"ಆಗಲಿ ಸ್ವಾಮಿ. ಆದರೆ ಕೂಸಿಗೆ ತಣ್ಣನೆ ಎಣ್ಣೆ ಮುಟ್ಟಿಸಬಾರದು. ತಂದವರೇ ಮೊದಲು ಅಂಗೈಯಲ್ಲಿ ತಿಕ್ಕಿ ಬೆಚ್ಚಗೆ ಮಾಡಿಕೊಡೋದು ನಮ್ಮ ಕಡೆ ಪದ್ಧತಿ. ಕೈ ಒಡ್ಡಿ."

ಅಂಥ ಪದ್ಧತಿ ಇತ್ತೋ ಇಲ್ಲವೋ, ಬಾಣಂತಿಯರೆಲ್ಲ ಹೂಂಗುಟ್ಟಿದರು. ವೀರಭದ್ರಯ್ಯ ಕೈ ಒಡ್ಡಲೇಬೇಕಾಯಿತು. ಸಣ್ಣೀರಮ್ಮ ಬೊಗಸೆ ತುಂಬ ಸುರಿದಳು.

"ತಿಕ್ಕಿ ಸ್ವಾಮಿ. ಇನ್ನೂ ಬೆಚ್ಚಗಾಗಿಲ್ಲ."

ಅವನು ತಿಕ್ಕಿದ. ಬೆರಳಸಂದಿ ಚುರುಗುಟ್ಟಿತು. ಆಮೇಲೆ ಉರಿ ಹತ್ತಿತು.

"ನೀರು ತಾ. ಬೇಗ ತಾ."

ಮೂಲೆಯ ತೊಟ್ಟಿಲಲ್ಲಿ ಆ ಹೆಣ್ಣುಕೂಸು ಅತ್ತು ಅತ್ತು ದನಿ ಉಡುಗಿ ಮಲಗಿತ್ತು. ಸಣ್ಣೀರಮ್ಮ ಅದರ ಕಡೆ ಒಮ್ಮೆ ನೋಡಿ, ನೀರಿನ ಚೊಂಬು ಎತ್ತಿ ಕೊಟ್ಟಳು.

"ತೊಳ್ಕೊಳ್ಳಿ ಸ್ವಾಮಿ. ನಿಮಗಾದರೆ ನೀರು ಕೇಳೋಕೆ ಬಾಯಿ ಐತೆ."