ಕಿರಿದಾದ ತೊಟ್ಟಿ

"ಗುರುಗಳೇ, ನನ್ನ ಸಿಟ್ಟು ಒಬ್ಬನೇ ಒಬ್ಬನ ಮೇಲೆ, ನನ್ನ ಅಣ್ಣನ ಮೇಲೆ. ಉಳಿದವರೆಲ್ಲ ನನಗೆ ಬೇಕಾದವರೇ. ಇಷ್ಟು ಸಣ್ಣದನ್ನು ಒಳಗಿಟ್ಟುಕೊಂಡರೆ ಏನು ಕೇಡು?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ವರ್ತಕನಿಗೆ ಎರಡು ನೀರಿನ ತೊಟ್ಟಿಗಳಿದ್ದವು. ಒಂದು ದನಗಳದು, ಅಗಲ ಬಹಳ, ಆಳ ಮೊಣಕಾಲುದ್ದ. ಇನ್ನೊಂದನ್ನು ಬಟ್ಟೆಗೆ ಬಣ್ಣ ಹಾಕಲೆಂದು ದಿಬ್ಬದ ಮೇಲೆ ಹೊಸದಾಗಿ ಕಟ್ಟಿಸಿದ್ದ. ಅಗಲ ಒಂದು ಮಾರು, ಎತ್ತರ ಮೂರಾಳು. ಎರಡಕ್ಕೂ ಗೋಡೆ ಒಂದೇ ದಪ್ಪ. ದಿಬ್ಬದ ಕೆಳಗೆ ನೇಕಾರರ ಮನೆಗಳಿದ್ದವು.

ಹೊಸ ತೊಟ್ಟಿ ತುಂಬಿದ ಮೇಲೆ ಬುಡದಲ್ಲಿ ಒದ್ದೆ ಕಾಣಿಸಿತು. ವರ್ತಕ ಒಬ್ಬ ಮೇಸ್ತ್ರಿಯನ್ನು ಕರೆಸಿ ಗಾರೆ ಮೆತ್ತಲು ಹೇಳಿದ. ಮೇಸ್ತ್ರಿ ಗೋಡೆಯ ಮೇಲೆ ಅಂಗೈ ಆಡಿಸಿದ. ಬುಡದ ಕಲ್ಲೊಂದು ಹೊರಕ್ಕೆ ಸರಿದಿತ್ತು.

"ಧಣಿ, ಮೊದಲು ನೀರು ಬಿಡಿಸಿ. ಇದು ಮೆತ್ತಿ ಮುಗಿಸುವ ಕೆಲಸವಲ್ಲ."

"ದನದ ತೊಟ್ಟಿಯಲ್ಲಿ ಇದರ ಹತ್ತರಷ್ಟು ನೀರಿದೆ. ಇಪ್ಪತ್ತು ವರ್ಷದಿಂದ ಆ ಗೋಡೆ ಅಲ್ಲಾಡಿಲ್ಲ. ಈ ಚೊಂಬು ನೀರಿಗೆ ಹೆದರುತ್ತೀಯಾ?"

"ಗೋಡೆಯನ್ನು ತಳ್ಳುವುದು ನೀರಿನ ರಾಶಿಯಲ್ಲ ಧಣಿ, ನೀರಿನ ಎತ್ತರ."

ವರ್ತಕ ನಕ್ಕುಬಿಟ್ಟ. ಮೇಸ್ತ್ರಿ ತನ್ನ ಪಾಡಿಗೆ ಮನೆಗೆ ಹೋಗಬಹುದಿತ್ತು, ಹೋಗಲಿಲ್ಲ. ಮೊದಲು ನೇಕಾರರನ್ನೆಲ್ಲ ಮನೆಗಳಿಂದ ಹೊರಗೆ ಕಳಿಸಿದ. ಆಮೇಲೆ ವರ್ತಕನಿಗೆ ತೋರಿಸಲೆಂದು ಹನ್ನೆರಡು ಗೇಣಿನ ಒಂದು ಬಿದಿರು ತಂದು ಒಳಗಿನ ಗಂಟುಗಳನ್ನು ಕೊರೆದ. ಒಂದು ಮಣ್ಣಿನ ಬಾನಿಯ ತಳಕ್ಕೆ ಬಿದಿರಿನ ಬಾಯಿಯಷ್ಟೇ ತೂತು ಮಾಡಿದ. ಎರಡರ ಅಡಿಗೂ ತೊಗಲು ಬಿಗಿದು, ಅಡಿ ನೆಲಕ್ಕೆ ತಾಗದಂತೆ ನೆಟ್ಟಗೆ ನಿಲ್ಲಿಸಿದ. ಬಾನಿಗೆ ನಾಲ್ಕು ಕೊಡ ನೀರು ಹೊಯ್ದ. ಒಂದು ಗೇಣು ನಿಂತಿತು. ಬಿದಿರು ಒಂದೇ ಕೊಡಕ್ಕೆ ತುಂಬಿತು. ಎರಡು ತೊಗಲೂ ಕೆಳಕ್ಕೆ ಉಬ್ಬಿದವು.

ಒಂದು ಸನ್ನೆಗೋಲಿನ ತುದಿಯನ್ನು ತೊಗಲಿನ ಅಡಿಗೆ ಕೊಟ್ಟು, ಉಬ್ಬು ಮಟ್ಟವಾಗುವವರೆಗೆ ಮತ್ತೊಂದು ತುದಿಗೆ ಸಮತೂಕದ ಕಲ್ಲುಗಳನ್ನು ಕಟ್ಟಲು ವರ್ತಕನಿಗೇ ಹೇಳಿದ. ಬಾನಿಗೆ ಒಂದು ಕಲ್ಲು ಸಾಕಾಯಿತು. ಬಿದಿರಿಗೆ ಹನ್ನೊಂದು ಕಟ್ಟಿದರೂ ಸಾಲಲಿಲ್ಲ. ಹನ್ನೆರಡನೆಯದನ್ನು ಕಟ್ಟಿದಾಗ ಉಬ್ಬು ಮಟ್ಟವಾಯಿತು. ವರ್ತಕ ಎದ್ದು ನಿಂತು, ತೂಬು ತೆಗೆಯಿರೆಂದು ಆಳುಗಳಿಗೆ ಕೂಗಿದ.

ನೀರೆಲ್ಲ ಇಳಿದ ಮೇಲೆಯೇ ಮೇಸ್ತ್ರಿ ಕರಣೆ ಹಿಡಿದದ್ದು. ಬುಡವನ್ನು ಬಿಚ್ಚಿ ಮೂರು ಪಟ್ಟು ದಪ್ಪಕ್ಕೆ ಕಟ್ಟಿದ. ನೇಕಾರರು ಮಗ್ಗಗಳಿಗೆ ಮರಳಿದರು.

ಶಿಷ್ಯ ತಲೆಯಾಡಿಸಿದ. "ಆದರೂ ಗುರುಗಳೇ, ನನ್ನದು ನಿಜಕ್ಕೂ ಸಣ್ಣ ಸಿಟ್ಟು" ಎಂದ.

ಗುರುಗಳು ಕೇಳಿದರು: "ಎಷ್ಟು ವರ್ಷದಿಂದ ತುಂಬಿಸುತ್ತಿದ್ದೀಯಪ್ಪ?"