ಜಗಲಿಯ ಬದಲಿ ಆಳು

"ಸ್ವಾಮಿ, ನನ್ನ ಬದಲು ಇನ್ನೊಬ್ಬನನ್ನು ಆಟಕ್ಕೆ ಕೂರಿಸಿದರೆ ತಪ್ಪೇ?" ಎಂದು ಶಿಷ್ಯ ಚೆನ್ನವೀರ ಕೇಳಿದ.

ಹಿಂದಿನ ಸಂಜೆ ಮಠದಲ್ಲಿ ಘೋರ ಅನಾಹುತವೊಂದು ನಡೆದುಹೋಗಿತ್ತು. ಚೆನ್ನವೀರ ಚೌಕಾಬಾರ ಆಡಲು ಬಂದಿರಲಿಲ್ಲ. ಅಡುಗೆಯ ಕೊಟ್ರಯ್ಯ ಕವಡೆ ಹಿಡಿದು ಕತ್ತಲಾಗುವವರೆಗೆ ಕಾದ. ಆಮೇಲೆ "ಉಗ್ರಾಣದ ಬೀಗವನ್ನೇ ಕಲಸಿಕೊಂಡು ತಿನ್ನಿ" ಎಂದು ಹೇಳಿ, ಯಾರಿಗೂ ಸಾರು ಬಡಿಸದೆ ಮಲಗಿದ. ವಿಚಾರಿಸಿದಾಗ ತಿಳಿದದ್ದು ಇಷ್ಟು: ಚೆನ್ನವೀರನಿಗೆ ಮಠದ ಪಾರುಪತ್ಯ ಸಿಗುವ ಹಾಗಿತ್ತು. ಅದಕ್ಕಾಗಿ ಅವನು ಸಂಜೆಯೂ ಉಗ್ರಾಣದಲ್ಲೇ ಇರತೊಡಗಿದ್ದ.

"ಆಟ ನಿಲ್ಲುವುದಿಲ್ಲ. ಕೊಟ್ರಯ್ಯನಿಗೂ ಬೇಸರವಾಗುವುದಿಲ್ಲ," ಎಂದು ಅವನು ವಿವರಿಸಿದ.

ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಅಧಿಕಾರಿ. ಅವನಿಗೆ ದಿವಾನನಾಗುವ ಆಸೆ. ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ದೀಪ ಹಚ್ಚುವ ಹೊತ್ತಿಗೆ ಮನೆಯ ಯಜಮಾನ ಜಗಲಿಯ ಮೇಲೆ ಕುಳಿತು ಎಲೆಅಡಿಕೆ ಹಾಕಬೇಕು, ಹೋಗಿ ಬರುವವರ ಜೊತೆ ಹರಟಬೇಕು. ಬೇರೇನೂ ಮಾಡಬಾರದು. ಜಗಲಿ ಖಾಲಿ ಕಂಡರೆ ಆ ಮನೆಗೆ ಯಜಮಾನನಿಲ್ಲ ಎಂದೇ ಜನ ತಿಳಿಯುತ್ತಿದ್ದರು.

ಅಧಿಕಾರಿಗೆ ಆ ಹೊತ್ತು ದಂಡ ಎನಿಸಿತು. ಕಚೇರಿ ಕೆಲಸಕ್ಕೆ ಬರಲಾಗದವರು ಬದಲಿ ಆಳನ್ನು ಕಳಿಸುವುದು ವಾಡಿಕೆ. ಅವನು ಜಗಲಿಗೂ ಒಬ್ಬ ಬದಲಿಯನ್ನು ನೇಮಿಸಿದ.

"ನನ್ನ ಶಾಲು ಹೊದೆ, ನನ್ನ ಎಲೆ ಹಾಕು, ಸುಮ್ಮನೆ ಕೂತಿರು," ಎಂದ.

"ನಗು ಬಂದರೆ ನಗಬಹುದೇ, ಒಡೆಯರೇ?"

"ಧಾರಾಳವಾಗಿ ನಗು. ನನಗೆ ಬಿಡುವಿಲ್ಲ."

ಆಳು ನಕ್ಕ. ಮೊದಲು ನಾಯಿ ಅವನ ಕಾಲ ಬಳಿ ಮಲಗತೊಡಗಿತು. ಆಮೇಲೆ ನೆರೆಯವರು ಅವನನ್ನು ಅಧಿಕಾರಿಯ ಹೆಸರು ಹಿಡಿದು ಕರೆದರು, ಅವನು ಓಗೊಟ್ಟ. ಅಧಿಕಾರಿಯ ಹುಬ್ಬಿನ ಮೇಲೆ ಹಳೆಯ ಗಾಯದ ಗುರುತೊಂದಿತ್ತು. ಒಂದು ಬೆಳಿಗ್ಗೆ ಕನ್ನಡಿಯಲ್ಲಿ ನೋಡಿಕೊಂಡರೆ ಅದು ಇರಲಿಲ್ಲ. ಆಳಿನ ಹುಬ್ಬಿನ ಮೇಲಿತ್ತು. ಕಚೇರಿಗೆ ಹೊತ್ತಾಗಿದ್ದರಿಂದ ಅವನು ಆ ಬಗ್ಗೆ ವಿಚಾರಿಸಲಿಲ್ಲ.

ಕೊನೆಗೆ ಅವನು ದಿವಾನನಾದ. ಅಂದು ಸಂಜೆ ಬೇಗ ಮನೆಗೆ ಬಂದ. ನಾಯಿ ಬೊಗಳಿತು. ಹೆಂಡತಿ ಬಾಗಿಲಿಗೆ ಬಂದು ಸೆರಗು ಸರಿಪಡಿಸಿಕೊಂಡು, "ಯಜಮಾನರು ಜಗಲಿ ಮೇಲೇ ಇದ್ದಾರಲ್ಲ, ಅವರನ್ನೇ ಮಾತಾಡಿಸಿ," ಎಂದಳು.

ಜಗಲಿಯಲ್ಲಿದ್ದವನು ಸರಿದು ಜಾಗ ಕೊಟ್ಟ. "ಬನ್ನಿ, ದಣಿದ ಹಾಗೆ ಕಾಣುತ್ತೀರಿ. ಎಲೆ ಹಾಕಿ."

ದಿವಾನ ಎಲೆ ಜಗಿದ. ಎಷ್ಟು ಜಗಿದರೂ ಅವನ ಬಾಯಿ ಕೆಂಪಾಗಲಿಲ್ಲ.

ಮರುದಿನ, ತನ್ನ ಮನೆ ತನಗೆ ಬಿಡಿಸಿಕೊಡಬೇಕೆಂದು ಅವನು ದೂರು ಕೊಟ್ಟ. ಆ ರಾಜ್ಯದಲ್ಲಿ ಇಂಥ ದೂರುಗಳನ್ನು ವಿಚಾರಿಸುವವನು ದಿವಾನ. ಹೀಗಾಗಿ ಅದು ಅವನ ಮುಂದೆಯೇ ಬಂತು. ಅವನು ಹೆಂಡತಿಯನ್ನೂ ನೆರೆಯವರನ್ನೂ ಕ್ರಮಪ್ರಕಾರ ಕರೆಸಿದ. ಎಲ್ಲರೂ ಆಳಿನ ಕಡೆ ಕೈ ತೋರಿಸಿ, "ಇವರೇ ಯಜಮಾನರು," ಎಂದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ದಿವಾನ ಏನು ತೀರ್ಪು ಕೊಟ್ಟ, ಸ್ವಾಮಿ?" ಎಂದು ಚೆನ್ನವೀರ ಕೇಳಿದ.

"ನ್ಯಾಯವಂತ ದಿವಾನ, ದೂರನ್ನು ವಜಾ ಮಾಡಿದ."

ಸಂಜೆ ಚೆನ್ನವೀರ ತಾನೇ ಚೌಕಾಬಾರಕ್ಕೆ ಕೂತ. ಪಾರುಪತ್ಯ ಬೇರೊಬ್ಬನಿಗೆ ಹೋಯಿತು. ಆ ಸಂಜೆಯ ಆಟದಲ್ಲಿ ಕೊಟ್ರಯ್ಯ ಗೆದ್ದ.