ಇಳಿಜಾರಿನಲ್ಲಿ ನಿಲ್ಲುವ ಕಾರು

“ಗುರುಗಳೇ, ನಾನು ಇದುವರೆಗೆ ಯಾರಿಗೂ ಭಾರವಾಗಿಲ್ಲ. ನನ್ನಿಂದ ಹತ್ತು ಜನಕ್ಕೆ ಉಪಕಾರವಾಗಿದೆ. ಯಾರಿಂದಲೂ ಒಂದು ಲೋಟ ನೀರನ್ನೂ ಕೇಳಿ ಕುಡಿದವಳಲ್ಲ. ಆದರೂ ತುಂಬಿದ ಮನೆಯಲ್ಲಿ ಒಬ್ಬಳೇ ಇದ್ದೇನೆ ಅನ್ನಿಸುತ್ತದೆ. ಇದು ಯಾಕೆ?”

ಶಿಷ್ಯೆ ಹೀಗೆ ಕೇಳಿದಾಗ ಪಾಠ ಮುಗಿದು ಉಳಿದವರೆಲ್ಲ ಎದ್ದು ಹೋಗಿದ್ದರು. ಗುರುಗಳು ಈ ಕತೆ ಹೇಳಿದರು.

ಗುಡ್ಡದ ಮೇಲಿನ ಒಂದು ಊರಿನಲ್ಲಿ ಒಬ್ಬ ಹೆಂಗಸು ಇದ್ದಳು. ಅವಳಿಗೆ ಒಂದು ಕಾರು ಇತ್ತು. ಅವಳು ಅದನ್ನು ಕೊಂಡ ಕಾಲಕ್ಕೆ ಆ ಊರಿನಲ್ಲಿ ಬೇರೆ ಕಾರು ಇರಲಿಲ್ಲ. ಯಾರ ಮನೆಯಲ್ಲಿ ಹೆರಿಗೆ ನೋವು ಕಾಣಿಸಿಕೊಂಡರೂ ಅವಳೇ ಕಾರು ಹೊರಡಿಸುತ್ತಿದ್ದಳು. ಬಸ್ಸು ತಪ್ಪಿದ ಮಕ್ಕಳನ್ನು ಪರೀಕ್ಷೆಗೆ ಮುಟ್ಟಿಸುತ್ತಿದ್ದಳು. ಅವರ ತಾಯಂದಿರು ಒಂದು ಹೆಡಿಗೆ ಕಿತ್ತಳೆಯನ್ನೋ ಒಂದು ಸೀಸೆ ಜೇನನ್ನೋ ತಂದರೆ, “ನಿಮ್ಮ ಮಕ್ಕಳಿಗೆ ಕೊಡಿ” ಎಂದು ಹಾಗೇ ಹಿಂದಕ್ಕೆ ಕಳುಹಿಸುತ್ತಿದ್ದಳು.

ಕಾರಿಗೆ ವಯಸ್ಸಾಯಿತು. ಒಂದು ದಿನ ಅದರ ಸೆಲ್ಫ್ ಕೆಟ್ಟಿತು. ಕೀಲಿ ತಿರುಗಿಸಿದರೆ ಇಂಜಿನ್ ಏಳಲಿಲ್ಲ. ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿ ನೋಡಿದ.

“ಈ ಕಾರಿನ ಸಾಮಾನು ಈಗ ಎಲ್ಲೂ ಸಿಗೋದಿಲ್ಲ, ಅಮ್ಮ. ಮುಂದೆ ಹ್ಯಾಂಡಲ್ ಹಾಕಿ ತಿರುಗಿಸೋದು ನಿಮ್ಮ ಕೈಲಿ ಆಗೋದಿಲ್ಲ. ಯಾರನ್ನಾದರೂ ಕರೆದು ತಳ್ಳಿಸಿಕೊಳ್ಳಿ. ಇಬ್ಬರು ಸಾಕು.”

“ನನ್ನದು ತಳ್ಳುಗಾಡಿ ಅಲ್ಲಪ್ಪ, ಕಾರು.”

“ಹಾಗಾದರೆ ಇಳಿಜಾರು ಕಂಡಲ್ಲೇ ನಿಲ್ಲಿಸಿ” ಎಂದು ಅವನು ನಕ್ಕ.

ಅವನು ತಮಾಷೆಗೆ ಆಡಿದ ಮಾತನ್ನು ಅವಳು ನಿಯಮ ಮಾಡಿಕೊಂಡಳು. ಕಾರನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡುವಳು. ಹೊರಡುವಾಗ ಕಲ್ಲು ತೆಗೆದು, ಕಾರು ತಾನಾಗಿ ಉರುಳಲು ಬಿಟ್ಟು, ಎರಡನೆಯ ಗೇರಿಗೆ ಹಾಕಿ ಕ್ಲಚ್ ಬಿಡುವಳು. ಇಂಜಿನ್ ಏಳುತ್ತಿತ್ತು. ಗುಡ್ಡದ ಊರಿನಲ್ಲಿ ಇಳಿಜಾರಿಗೆ ಬರವಿಲ್ಲ. ಹೀಗೆಯೇ ಎರಡು ವರ್ಷ ನಡೆಯಿತು. ಕಾರು ಕೆಟ್ಟಿದೆ ಎನ್ನುವುದು ಮೆಕ್ಯಾನಿಕ್‌ನನ್ನು ಬಿಟ್ಟರೆ ಊರಿನಲ್ಲಿ ಯಾರಿಗೂ ತಿಳಿಯಲಿಲ್ಲ.

ಅವಳಿಗೆ ಒಬ್ಬಳೇ ತಂಗಿ. ಎರೆಹೊಲಗಳ ಸೀಮೆಗೆ ಮದುವೆಯಾಗಿ ಹೋಗಿದ್ದಳು. ಆ ತಂಗಿಯಿಂದ ಒಂದು ಕಾಗದ ಬಂತು. “ಅಕ್ಕ, ಮುಂದಿನ ವಾರ ನನಗೆ ಆಪರೇಷನ್ ಇಟ್ಟುಕೊಂಡಿದ್ದಾರೆ. ಹೃದಯದ್ದು. ಡಾಕ್ಟರು ಯಾವ ಮಾತನ್ನೂ ಗಟ್ಟಿಯಾಗಿ ಹೇಳುತ್ತಿಲ್ಲ. ಅದಕ್ಕೆ ಮೊದಲು ಒಂದು ಹೊತ್ತು ನಾವಿಬ್ಬರೂ ಒಟ್ಟಿಗೆ ಕೂತು ಊಟ ಮಾಡಬೇಕು. ಬೇರೇನೂ ಬೇಡ. ಬಾ.”

ಬಸ್ಸಿನಲ್ಲಿ ಹೋಗಿ ಎಂದು ನೆರೆಯವರು ಹೇಳಿದರು. ಬಸ್ಸಿನಲ್ಲಿ ಹೋದರೆ ನಿಲ್ದಾಣಕ್ಕೆ ಯಾರಾದರೂ ಬಂದು ಕರೆದೊಯ್ಯಬೇಕು, ಗಂಟು ಹೊರಬೇಕು. ಅದು ಅವಳಿಗೆ ಒಪ್ಪಿಗೆಯಾಗಲಿಲ್ಲ. ಎರಡು ದಿನದ ದಾರಿಗೆ ಬೇಕಾದದ್ದನ್ನೆಲ್ಲ ಕಾರಿಗೆ ತುಂಬಿದಳು. ನೀರಿನ ಡಬ್ಬಗಳು, ಆಯಿಲ್, ಹಗ್ಗ, ಜಾಕು, ಎರಡು ಸ್ಟೆಪ್ನಿ, ಬುತ್ತಿ. ತಂಗಿಗೆ ಕಾಫಿಪುಡಿ, ಮೆಣಸು, ಒಂದು ಕಂಬಳಿ. ಚಕ್ರಕ್ಕೆ ಕೊಡುವ ಕಲ್ಲನ್ನೂ ಮನೆಯಿಂದಲೇ ಎತ್ತಿಟ್ಟುಕೊಂಡಳು. ಹಿಂದಿನ ಸೀಟು ತುಂಬಿತು, ಪಕ್ಕದ ಸೀಟೂ ತುಂಬಿತು.

ದಾರಿಯಲ್ಲಿ ಅವಳು ಇಳಿಜಾರು ಸಿಕ್ಕಿದಲ್ಲಿ ನಿಂತಳು. ನಿಂತಲ್ಲೆಲ್ಲ ಒಂದು ಪುಸ್ತಕದಲ್ಲಿ ಬರೆದುಕೊಂಡಳು. ‘ನಲವತ್ತೆರಡನೆಯ ಮೈಲಿ, ಕೆರೆ ಏರಿ, ಉತ್ತರಕ್ಕೆ ಇಳಿಕೆ, ಸಾಕಷ್ಟು. ಎಪ್ಪತ್ತನೆಯ ಮೈಲಿ, ರೈಲ್ವೆ ಮೇಲ್ಸೇತುವೆ, ಇಳಿಕೆ ಒಳ್ಳೆಯದು, ನೆರಳಿಲ್ಲ.’ ಹಿಂದಿರುಗುವಾಗ ಬೇಕಾಗುತ್ತದೆ ಎಂದು ಅಕ್ಷರ ದುಂಡಗೆ ಬರೆದಳು.

ಚಹಾದಂಗಡಿ, ಬಾವಿ, ಅರಳಿಕಟ್ಟೆ, ನಾಲ್ಕು ಜನರ ಮಾತು, ಇವೆಲ್ಲ ಸಮತಟ್ಟು ನೆಲದಲ್ಲಿ ಇರುತ್ತವೆ. ಇಳಿಜಾರಿನಲ್ಲಿ ಯಾರೂ ನಿಲ್ಲುವುದಿಲ್ಲ. ಅವಳು ಮೇಲ್ಸೇತುವೆಯ ಅಂಚಿನಲ್ಲಿ, ಬಿಸಿಲಿನಲ್ಲಿ, ಸ್ಟಿಯರಿಂಗಿನ ಹಿಂದೆ ಕುಳಿತು ಒಬ್ಬಳೇ ಬುತ್ತಿ ಬಿಚ್ಚಿ ಉಂಡಳು. ಪೆಟ್ರೋಲ್ ಬಂಕಿನಲ್ಲಿ ಇಂಜಿನ್ ಆರಿಸಬೇಕಾಗುತ್ತದೆ. ಆದ್ದರಿಂದ ಕಾರನ್ನು ದೂರದ ದಿಬ್ಬದಲ್ಲಿ ಬಿಟ್ಟು, ಕ್ಯಾನು ಹಿಡಿದು ನಡೆದುಹೋಗಿ ಪೆಟ್ರೋಲ್ ತಂದಳು. ರಾತ್ರಿ ಒಂದು ಊರಿನಲ್ಲಿ ದಿಬ್ಬದ ಮೇಲಿನ ಪ್ರವಾಸಿ ಬಂಗಲೆಯಲ್ಲಿ ಇಳಿದುಕೊಂಡಳು. ಬಂಕಿನಲ್ಲಿ ಆಡಿದ ಒಂದು ಮಾತು ಬಿಟ್ಟರೆ ಬೆಳಗಿನಿಂದ ಯಾರೊಂದಿಗೂ ಮಾತಾಡಿಲ್ಲ ಎಂಬುದು ಕಾವಲುಗಾರ ಹೆಸರು ಕೇಳಿದಾಗ ನೆನಪಾಯಿತು. ಹೆಸರನ್ನು ಎರಡು ಸಲ ಹೇಳಬೇಕಾಯಿತು.

ಮರುದಿನ ನಡು ಮಧ್ಯಾಹ್ನ ತಂಗಿಯ ಊರು ಬಂತು. ಎರೆಯ ನೆಲ. ರೊಟ್ಟಿಯ ಹಂಚಿನ ಹಾಗೆ ಮಟ್ಟಸ. ಅವಳು ಊರನ್ನು ಮೂರು ಸುತ್ತು ಹಾಕಿದಳು. ಹೊರಗಿನ ಹಾದಿಯಲ್ಲೂ ಮೈಲಿಗಟ್ಟಲೆ ಹೋಗಿ ನೋಡಿದಳು. ಒಂದು ಚಕ್ರ ಉರುಳುವಷ್ಟು ಇಳಿಜಾರೂ ಸಿಕ್ಕಲಿಲ್ಲ. ಕೊನೆಗೆ ತಂಗಿಯ ಮನೆಯ ಮುಂದೆ ಕಾರು ತಂದು, ಇಂಜಿನ್ ಆರಿಸದೆ ನಿಲ್ಲಿಸಿದಳು.

ಶಬ್ದ ಕೇಳಿ ತಂಗಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಹಿಂದೆಯೇ ಅವಳ ಗಂಡ ಬಂದ, ಓಣಿಯ ಜನರೂ ಸೇರಿದರು. ಒಳಗೆ ಎರಡು ಮಣೆ ಹಾಕಿತ್ತು. ಎಲೆ ಹಾಸಿತ್ತು.

“ಇಳಿಯೇ ಅಕ್ಕ. ಮೂರು ಸಲ ಮನೆ ಮುಂದೆ ಹಾದು ಹೋದೆಯಂತೆ. ಬಾಗಿಲು ಮರೆತೆಯಾ?”

ಅಕ್ಕ ಕಾರಿನ ವಿಷಯ ಹೇಳಿದಳು. ಹೇಳುವಾಗ ಸ್ಟಿಯರಿಂಗನ್ನೇ ನೋಡುತ್ತಿದ್ದಳು. ತಂಗಿಯ ಗಂಡ ಅದನ್ನು ಕೇಳಿ ಜೋರಾಗಿ ನಕ್ಕ.

“ಇಷ್ಟೇ ಏನ್ರಿ ಅಕ್ಕಾರ? ಬಂದ್ ಮಾಡ್ರಿ ಗಾಡಿ. ನೀವು ಹೊರಡೋ ದಿನ ನಾವು ನಾಕು ಮಂದಿ ದಬ್ಬತೀವಿ. ಗಾಡಿ ಏನು, ನಿಮ್ಮೂರ ಗುಡ್ಡ ತಂದು ನಿಲ್ಲಿಸಿದ್ರೂ ದಬ್ಬತೀವಿ!”

ಓಣಿಯವರೂ ನಕ್ಕರು. ಒಬ್ಬ ಆಗಲೇ ಅಂಗಿಯ ತೋಳು ಮಡಿಸಿದ. ಅವಳೂ ನಕ್ಕಳು. ಆದರೆ ಕೀಲಿಗೆ ಕೈ ಹಾಕಲಿಲ್ಲ.

“ನಿಮಗೆಲ್ಲ ಯಾಕೆ ತೊಂದರೆ” ಎಂದಳು.

ಕಿಟಕಿಯಿಂದಲೇ ಕಾಫಿಪುಡಿ ಕೊಟ್ಟಳು, ಮೆಣಸು ಕೊಟ್ಟಳು, ಕಂಬಳಿ ಕೊಟ್ಟಳು. ನಿಂತಲ್ಲೇ ಓಡುವ ಹಳೆಯ ಇಂಜಿನ್ ಬೇಗ ಕಾಯುತ್ತದೆ. ಶಾಖ ತೋರಿಸುವ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗುತ್ತಿತ್ತು. ತಂಗಿ ಇನ್ನೊಂದು ಪಕ್ಕದ ಬಾಗಿಲು ತೆರೆದು, ಒಂದು ಗಳಿಗೆಯಾದರೂ ಜೊತೆಗೆ ಕುಳಿತುಕೊಳ್ಳೋಣ ಎಂದು ನೋಡಿದಳು. ಸೀಟಿನ ತುಂಬ ನೀರಿನ ಡಬ್ಬಗಳಿದ್ದವು. ಅವಳು ಬಾಗಿಲು ಮುಚ್ಚಿದಳು.

“ಎಲ್ಲಾ ತಂದಿದ್ದೀಯ ಅಕ್ಕ. ನೀನೊಬ್ಬಳು ಬಂದಿಲ್ಲ” ಎಂದಳು.

ಬಾನೆಟ್ಟಿನಿಂದ ಹಬೆ ಏಳತೊಡಗಿತು. ಕಾರು ಓಡಿದರೆ ಗಾಳಿ ಬಡಿದು ತಣ್ಣಗಾಗುತ್ತದೆ, ನಿಂತರೆ ಇಂಜಿನ್ ಸುಡುತ್ತದೆ. ಆಪರೇಷನ್ ಆದ ಮೇಲೆ ತಿಂಗಳುಗಟ್ಟಲೆ ಬಂದು ಇರುತ್ತೇನೆ, ನಾನೇ ಅಡುಗೆ ಮಾಡಿ ಹಾಕುತ್ತೇನೆ ಎಂದು ಹೇಳಿ ಅವಳು ಗೇರು ಹಾಕಿದಳು. ಕನ್ನಡಿಯಲ್ಲಿ ತಂಗಿ, ಮಡಿಸಿದ ಕಂಬಳಿಯನ್ನು ಎದೆಗೆ ಅವಚಿಕೊಂಡು, ಓಣಿಯ ನಡುವೆ ನಿಂತೇ ಇದ್ದಳು.

ಎರಡು ದಿನದ ದಾರಿ ಮತ್ತೆ ಎರಡು ದಿನ. ಪುಸ್ತಕದಲ್ಲಿ ಬರೆದಿದ್ದ ಇಳಿಜಾರುಗಳೆಲ್ಲ ಬರೆದಲ್ಲೇ ಇದ್ದವು. ಒಂದೂ ತಪ್ಪಲಿಲ್ಲ. ಯಾರನ್ನೂ ಏನನ್ನೂ ಕೇಳದೆ ಅವಳು ಊರು ಮುಟ್ಟಿದಳು.

ಆಪರೇಷನ್ ಆಯಿತು. ಮೂರನೆಯ ದಿನ ತಂಗಿ ತೀರಿಕೊಂಡಳು. ಸುದ್ದಿ ಬಂದಾಗ ಕಾರು ಮನೆಯ ಮುಂದಿನ ಇಳಿಜಾರಿನಲ್ಲಿ, ಕಲ್ಲು ತೆಗೆದರೆ ಹೊರಡುವ ಹಾಗೆ, ಸಿದ್ಧವಾಗಿ ನಿಂತಿತ್ತು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯೆಗೆ ತಡೆಯಲಾಗಲಿಲ್ಲ.

“ಅದೇನು ಹಟ, ಗುರುಗಳೇ? ತಂಗಿಯ ಗಂಡ ಅಷ್ಟು ಬಾಯಿತುಂಬ ಹೇಳಿದ. ಓಣಿಯವರು ತೋಳು ಮಡಿಸಿ ನಿಂತಿದ್ದರು. ಅವರೆಲ್ಲ ಸಂತೋಷದಿಂದ ತಳ್ಳುತ್ತಿದ್ದರು. ಅಷ್ಟು ಜನಕ್ಕೆ ಆದ ಹೆಂಗಸಿಗೆ ಅದೊಂದು ಗೊತ್ತಾಗಲಿಲ್ಲವೇ?”

ಗುರುಗಳು ಅವಳ ಮುಖವನ್ನೇ ನೋಡಿದರು.

“ಗೊತ್ತಾಯಿತಮ್ಮ. ಹೆಡಿಗೆ ಕಿತ್ತಳೆಯ ಹಾಗೆ ಅದನ್ನು ಹಿಂದಕ್ಕೆ ಕಳುಹಿಸಲಾಗುವುದಿಲ್ಲ; ಅದಕ್ಕೇ ಅವಳು ಇಂಜಿನ್ ಆರಿಸಲಿಲ್ಲ.”